ಮೀನು ತಿನ್ನಬೇಡಿ ಎಂದರೆ ನ್ಯಾಯ ಸಿಕ್ಕಿತೇ?

ಜಗತ್ತಿನ ಸರಕಾರಗಳಿಗೆ ಬಲು ಇಷ್ಟವಾದ ಒಂದು ವಾಕ್ಯವಿದೆ: 'ಈ ನದಿಯ ಮೀನು ತಿನ್ನಬೇಡಿ.' ಕೇಳಲು ಇದು ಕಾಳಜಿಯ ಮಾತು. ವೈದ್ಯರು ಹೇಳಿದರೆ ಅದು ಸಲಹೆ, ಅಧಿಕಾರಿ ಹೇಳಿದರೆ ಸುತ್ತೋಲೆ, ದಡದಲ್ಲಿ ನೆಟ್ಟರೆ ಫಲಕ. ಆದರೆ ಈ ಮಾತನ್ನು ಯಾರಿಗೆ ಹೇಳಲಾಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ನದಿಗೆ ವಿಷ ಸುರಿದವನಿಗೆ ಅಲ್ಲ. ತಲೆತಲಾಂತರದಿಂದ ಆ ನದಿಯನ್ನೇ ನಂಬಿ ಬದುಕಿದವನಿಗೆ. ಕಳ್ಳತನವಾದ ಮನೆಗೆ ಬಂದ ಪೊಲೀಸರು ಮನೆಯವರನ್ನು ಕರೆದು 'ಇನ್ನು ಮುಂದೆ ನೀವು ಬಂಗಾರ ಇಟ್ಟುಕೊಳ್ಳಬೇಡಿ' ಎಂದು ಹೇಳಿ ಹೋದರೆ ಹೇಗಿರುತ್ತದೆಯೋ, ಇದೂ ಹಾಗೆಯೇ.

ನಾವಿಲ್ಲಿ ಹೇಳಹೊರಟಿರುವುದು ಯಾವುದೋ ಬಡ ದೇಶದ ಕಥೆಯಲ್ಲ. ಮಾನವ ಹಕ್ಕುಗಳ ಕುರಿತು ಜಗತ್ತಿಗೆಲ್ಲ ಪಾಠ ಹೇಳುವ ಕೆನಡಾದ ಕಥೆ. ಅಲ್ಲಿನ ಒಂಟಾರಿಯೋ ಪ್ರಾಂತದ ವಾಯವ್ಯ ಮೂಲೆಯಲ್ಲಿ, ಕೆನೋರಾ ಪಟ್ಟಣದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ ಗ್ರಾಸಿ ನ್ಯಾರೋಸ್ ಎಂಬ ಊರಿದೆ. ಅನಿಶಿನಾಬೆ ಎಂಬ ಮೂಲನಿವಾಸಿ ಜನಾಂಗದವರ ನೆಲೆ ಅದು. ಅವರ ಭಾಷೆಯಲ್ಲಿ ಊರಿನ ಹೆಸರು ಅಸುಬ್‌ಪೀಶೋಸೀವಾಗಾಂಗ್. ವಾಬಿಗೂನ್ ನದಿ ಇಂಗ್ಲಿಷ್ ನದಿಯನ್ನು ಸೇರಿ ಕೆರೆ ಕೊಳ್ಳಗಳ ಸರಪಳಿಯಾಗಿ ಹರಿಯುವ ನಾಡು ಅದು. 1873ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗಳೊಂದಿಗೆ ಆದ ಮೂರನೆಯ ಒಪ್ಪಂದದಲ್ಲಿ ಬೇಟೆಯ ಮತ್ತು ಮೀನುಗಾರಿಕೆಯ ಹಕ್ಕು ಈ ಜನರಿಗೇ ಇರುತ್ತದೆಂದು ಬರೆದುಕೊಡಲಾಗಿತ್ತು. ಹಕ್ಕು ಕಾಗದದಲ್ಲಿ ಈಗಲೂ ಹಾಗೆಯೇ ಇದೆ. ಮೀನು ಮಾತ್ರ ಹಾಗಿಲ್ಲ.

ಈ ಊರಿನಿಂದ ನದಿಯ ಮೇಲ್ಭಾಗದಲ್ಲಿ, ನೂರಕ್ಕೂ ಹೆಚ್ಚು ಕಿ.ಮೀ. ಆಚೆ, ಡ್ರೈಡನ್ ಎಂಬ ಪಟ್ಟಣವಿದೆ. ಅಲ್ಲೊಂದು ಕಾಗದದ ತಿರುಳು ತಯಾರಿಸುವ ಕಾರ್ಖಾನೆ. ತಿರುಳನ್ನು ಬೆಳ್ಳಗೆ ಮಾಡಲು ಕ್ಲೋರಿನ್ ಬೇಕು, ಕಾಸ್ಟಿಕ್ ಸೋಡಾ ಬೇಕು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಇವೆರಡನ್ನೂ ತೆಗೆಯುವ ಹಳೆಯ ವಿಧಾನದಲ್ಲಿ ಪಾದರಸವನ್ನು ವಿದ್ಯುದ್ವಾರವಾಗಿ ಬಳಸುತ್ತಿದ್ದರು. 1962ರಲ್ಲಿ ಡ್ರೈಡನ್ ಕೆಮಿಕಲ್ಸ್ ಎಂಬ ಕಂಪೆನಿ ಅಂಥದೊಂದು ಘಟಕವನ್ನು ಆರಂಭಿಸಿತು. ಅದರ ಒಡೆತನ ಬ್ರಿಟನ್ನಿನ ರೀಡ್ ಕಾಗದ ಸಮೂಹದ್ದು. 1962ರಿಂದ 1970ರವರೆಗೆ ಆ ಘಟಕದಿಂದ ವಾಬಿಗೂನ್ ನದಿಗೆ ಹರಿದ ಪಾದರಸ ಸುಮಾರು 9 ಟನ್ನಿಗೂ ಹೆಚ್ಚು. ಜ್ವರ ನೋಡುವ ಹಳೆಯ ಥರ್ಮಾಮೀಟರಿನಲ್ಲಿ ಇರುತ್ತಿದ್ದುದು ಒಂದು ಗ್ರಾಮಿನ ಆಸುಪಾಸು ಎಂಬುದನ್ನು ನೆನಪಿಸಿಕೊಂಡರೆ ಈ ಪ್ರಮಾಣದ ಅರ್ಥವಾದೀತು. ಸುಮಾರು ತೊಂಬತ್ತು ಲಕ್ಷ ಥರ್ಮಾಮೀಟರುಗಳನ್ನು ಒಂದೇ ನದಿಯಲ್ಲಿ ಒಡೆದ ಹಾಗೆ!

ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಘಟಕ ಆರಂಭವಾದ ಮರುವರ್ಷವೇ, 1963ರಲ್ಲಿ, ಸರಕಾರ ಗ್ರಾಸಿ ನ್ಯಾರೋಸ್‌ನ ಜನರನ್ನು ಅವರ ಹಳೆಯ ನೆಲೆಯಿಂದ ಎಬ್ಬಿಸಿ ರಸ್ತೆಯ ಬಳಿಯ ಹೊಸ ಜಾಗದಲ್ಲಿ ಕೂರಿಸಿತ್ತು. ಶಾಲೆ, ವಿದ್ಯುತ್, ಆಸ್ಪತ್ರೆಯ ಸೌಕರ್ಯಕ್ಕೆಂದು ಅದಕ್ಕೆ ಕಾರಣ ಕೊಡಲಾಯಿತು. ದ್ವೀಪಗಳಲ್ಲಿ, ದಡಗಳಲ್ಲಿ ಕುಟುಂಬಗಳಾಗಿ ಚದುರಿ ಬದುಕುತ್ತಿದ್ದವರು ಒತ್ತಾಗಿ ಕಟ್ಟಿದ ಮನೆಗಳ ಸಾಲಿಗೆ ಬಂದರು. ನೆಲ ಹೋಗಿತ್ತು, ನದಿಯೊಂದು ಉಳಿದಿತ್ತು. ಮೀನು ಹಿಡಿದು ಮಾರುವುದು, ಅಮೆರಿಕದಿಂದ ಬರುವ ಶ್ರೀಮಂತ ಪ್ರವಾಸಿಗಳಿಗೆ ಮೀನು ಇರುವ ಜಾಗ ತೋರಿಸುವ ಮಾರ್ಗದರ್ಶಕರಾಗಿ ದುಡಿಯುವುದು ಅವರ ಜೀವನೋಪಾಯ. ಮಧ್ಯಾಹ್ನ ದಡದಲ್ಲಿ ಬೆಂಕಿ ಹಾಕಿ, ಆಗಷ್ಟೇ ಹಿಡಿದ ಮೀನನ್ನು ಹುರಿದು ಪ್ರವಾಸಿಗೂ ಬಡಿಸಿ ತಾವೂ ಉಣ್ಣುವುದು ಆ ಕೆಲಸದ ಭಾಗವೇ ಆಗಿತ್ತು. ಪ್ರವಾಸಿ ವಾರ ಉಂಡು ಊರಿಗೆ ಹೋಗುತ್ತಿದ್ದ. ಮಾರ್ಗದರ್ಶಕ ಋತುವಿಡೀ ಉಣ್ಣುತ್ತಿದ್ದ.

ವಿಷಯ ಬಯಲಾದದ್ದು ಸರಕಾರದ ಜಾಗರೂಕತೆಯಿಂದಲ್ಲ. ನಾರ್ವೆಯಿಂದ ಕೆನಡಾಕ್ಕೆ ಓದಲು ಬಂದಿದ್ದ ನಾರ್ವಾಲ್ಡ್ ಫಿಮ್ರೈಟ್ ಎಂಬ ಸಂಶೋಧನಾ ವಿದ್ಯಾರ್ಥಿ ಕೆನಡಾದ ಮೀನುಗಳನ್ನು ಪರೀಕ್ಷಿಸಿ ಅಪಾಯವನ್ನು ಹೊರಗೆಡವಿದ. 1970ರಲ್ಲಿ ಸರಕಾರಕ್ಕೆ ಎಚ್ಚರವಾಯಿತು. ಪಾದರಸ ಹರಿಸುವುದನ್ನು ನಿಲ್ಲಿಸುವಂತೆ ಕಂಪೆನಿಗೆ ಆದೇಶ ಹೋಯಿತು. ಆದರೆ ಪಾದರಸ ಬಳಸುವ ಯಂತ್ರಗಳು 1975ರವರೆಗೆ ಅಲ್ಲೇ ಓಡುತ್ತಿದ್ದವು. ಕಾರ್ಖಾನೆ ಮುಚ್ಚಲಿಲ್ಲ. ಮುಚ್ಚಿದ್ದು ಮೀನುಗಾರಿಕೆ. ಕೂಲಿ ಬೇಡದೆ ಸ್ವಂತ ದುಡಿಮೆಯಲ್ಲಿ ನಿಂತಿದ್ದ ಒಂದು ಊರು ಕೆಲವೇ ತಿಂಗಳುಗಳಲ್ಲಿ ಸರಕಾರಿ ಪರಿಹಾರದ ಚೆಕ್ಕಿಗೆ ಕೈಚಾಚುವ ಊರಾಯಿತು.

ಇದಕ್ಕಿಂತ ಕ್ರೂರವಾದ ವ್ಯಂಗ್ಯ ಇನ್ನೊಂದಿತ್ತು. ಮಾರಾಟಕ್ಕೆ ಮೀನು ಹಿಡಿಯುವುದನ್ನು ನಿಲ್ಲಿಸಿದ ಪ್ರಾಂತ ಸರಕಾರ, ಪ್ರವಾಸಿಗಳ ಮೀನುಬೇಟೆಯನ್ನು ನಿಲ್ಲಿಸಲಿಲ್ಲ. ಪ್ರವಾಸೋದ್ಯಮಕ್ಕೆ ಪೆಟ್ಟು ಬೀಳಬಾರದಲ್ಲವೇ? 'ಮೋಜಿಗಾಗಿ ಮೀನು ಹಿಡಿಯಿರಿ' ಎಂಬ ಘೋಷಣೆ ಹುಟ್ಟಿಕೊಂಡಿತು. ಹಿಡಿಯಿರಿ, ನೋಡಿ, ಬಿಡಿ, ತಿನ್ನಬೇಡಿ ಎಂದು ಅದರರ್ಥ. ಮೀನು ಯಾರಿಗೆ ಮೋಜೋ ಅವರಿಗೆ ನದಿ ತೆರೆದಿತ್ತು. ಮೀನು ಯಾರಿಗೆ ಅನ್ನವೋ ಅವರಿಗೆ ಅದು ಮುಚ್ಚಿತು. ಒಂದು ಪ್ರಸಿದ್ಧ ವಸತಿಗೃಹದ ಮಾಲಕ ಮಾತ್ರ ಇದು ಅನ್ಯಾಯವೆಂದು ತನ್ನ ವ್ಯಾಪಾರವನ್ನೇ ಮುಚ್ಚಿದ. ಉಳಿದವರು ಎಂದಿನಂತೆ ನಡೆಸಿದರು. ಮಾರ್ಗದರ್ಶಕರು ಎಂದಿನಂತೆ ದಡದಲ್ಲಿ ಮೀನು ಹುರಿದರು.

'ಆಗ ಯಾರಿಗೆ ತಿಳಿದಿತ್ತು?' ಎಂದು ಕಂಪೆನಿಗಳ ವಕೀಲರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ತಾರೀಕುಗಳಲ್ಲೇ ಇದೆ. ಜಪಾನಿನ ಮಿನಮಾಟಾದಲ್ಲಿ ಚಿಸ್ಸೋ ಕಂಪೆನಿಯ ಪಾದರಸದಿಂದ ಜನ ನಡುಗುತ್ತ, ಕುರುಡಾಗುತ್ತ, ಕಿರುಚುತ್ತ ಸಾಯುತ್ತಿರುವುದು ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕಾರಣ ಸಾವಯವ ಪಾದರಸ ಎಂದು ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ್ದು 1959ರಲ್ಲಿ. ಅದೇ ವರ್ಷ ಚಿಸ್ಸೋ ಕಂಪೆನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಕಾರ್ಖಾನೆಯ ಕೊಳೆನೀರನ್ನು ಬೆಕ್ಕೊಂದಕ್ಕೆ ಉಣಿಸಿ ಅದೇ ರೋಗ ಬರುವುದನ್ನು ಕಂಡರು. ಕಂಪೆನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಡ್ರೈಡನ್ನಿನ ಘಟಕ ಆರಂಭವಾದದ್ದು ಇದಾಗಿ ಮೂರು ವರ್ಷಗಳ ಮೇಲೆ! 1965ರಲ್ಲಿ ಜಪಾನಿನ ನಿಗಾಟಾ ಪ್ರಾಂತದಲ್ಲಿ ಅದೇ ರೋಗ ಮತ್ತೆ ಕಾಣಿಸಿಕೊಂಡಿತು. ಈ ಬಾರಿ ಕಡಲಿನ ಮೀನಿನಿಂದಲ್ಲ, ಅಗಾನೋ ನದಿಯ ಮೀನಿನಿಂದ. ನದಿಯ ಮೇಲ್ಭಾಗದಲ್ಲಿ ಶೋವಾ ಡೆಂಕೋ ಕಂಪೆನಿಯ ಕಾರ್ಖಾನೆಯಿತ್ತು. ಹೀಗೆ ಕಡಲಿನ ಕಥೆಯೂ ನದಿಯ ಕಥೆಯೂ ಜಗತ್ತಿನ ಮುಂದಿದ್ದಾಗಲೇ ಡ್ರೈಡನ್ನಿನಲ್ಲಿ ಕೊಳವೆ ಹರಿಯುತ್ತಿತ್ತು. ತಿಳಿಯದಿದ್ದುದು ಅಲ್ಲ, ತಿಳಿಯುವ ಅಗತ್ಯ ಕಾಣಲಿಲ್ಲ. ಕೆಳಗೆ ವಾಸಿಸುವವರು ಯಾರೆಂಬುದು ಗೊತ್ತಿತ್ತಲ್ಲ!

ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ನದಿಗೆ ಬಿದ್ದರೆ ತಳಕ್ಕಿಳಿದು ಕೂರುತ್ತದೆ, ಮತ್ತೇನೂ ಆಗದು ಎಂದು ಕಾರ್ಖಾನೆಯವರು ವಾದಿಸುತ್ತಿದ್ದ ಕಾಲವಿತ್ತು. 1969ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಈ ನಂಬಿಕೆಯನ್ನು ಒಡೆದರು. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ ಎಂದು ತೋರಿಸಿದರು. ಈ ಹೊಸ ರೂಪವೇ ಅಸಲಿ ವಿಷ. ಕೆಸರಿನ ಜೀವಿಗಳಿಂದ ಹುಳುಗಳಿಗೆ, ಹುಳುಗಳಿಂದ ಚಿಕ್ಕ ಮೀನಿಗೆ, ಚಿಕ್ಕ ಮೀನಿನಿಂದ ಅದನ್ನು ನುಂಗುವ ದೊಡ್ಡ ಮೀನಿಗೆ, ಹೀಗೆ ಮೆಟ್ಟಿಲು ಹತ್ತುತ್ತ ಪ್ರತಿ ಮೆಟ್ಟಿಲಿಗೂ ಸಾಂದ್ರವಾಗುತ್ತ ಹೋಗುತ್ತದೆ. ನೀರಿನಲ್ಲಿ ಹುಡುಕಿದರೆ ಕಷ್ಟದಿಂದ ಸಿಗುವಷ್ಟು ಕಡಿಮೆ ಇರುವ ವಸ್ತು ದೊಡ್ಡ ಬೇಟೆಮೀನಿನ ಮಾಂಸದಲ್ಲಿ ಅದರ ಲಕ್ಷಾಂತರ ಪಟ್ಟು ಇರುತ್ತದೆ. ಗ್ರಾಸಿ ನ್ಯಾರೋಸ್‌ನ ಜನ ಮೆಚ್ಚಿ ತಿನ್ನುವ ವಾಲೈ ಮತ್ತು ಪೈಕ್ ಎರಡೂ ಬೇಟೆಮೀನುಗಳೇ.

ಮೀನನ್ನು ಉಪ್ಪು ಹಾಕಿ ತೊಳೆದರೆ, ಹುಳಿ ಹಿಂಡಿದರೆ, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆಂದು ಯಾರಾದರೂ ಭಾವಿಸಿದ್ದರೆ ಅದು ಸುಳ್ಳು. ಮೀಥೈಲ್ ಪಾದರಸ ಕೊಬ್ಬಿನಲ್ಲಲ್ಲ, ಮಾಂಸದ ಪ್ರೋಟೀನಿನಲ್ಲೇ ಅಂಟಿಕೊಂಡಿರುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಮೀನು ನೋಡಲು ದಷ್ಟಪುಷ್ಟವಾಗಿಯೇ ಇರುತ್ತದೆ. ತಿಂದದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ದೇಹದಲ್ಲಿ ಸೇರಿದ್ದರ ಅರ್ಧ ಹೊರಹೋಗಲು ಸುಮಾರು ಐವತ್ತು ದಿನ ಬೇಕು. ಬೆರಳ ತುದಿ ಮತ್ತು ತುಟಿಯ ಸುತ್ತ ಜೋಮು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ತೊದಲು, ಕೊಳವೆಯ ಮೂಲಕ ನೋಡಿದಂತೆ ಕಿರಿದಾಗುವ ದೃಷ್ಟಿ, ಕಿವುಡು ಇದರ ಲಕ್ಷಣಗಳು. ಗರ್ಭಿಣಿಯ ವಿಷಯ ಇನ್ನೂ ಭೀಕರ. ಮಾಸು ತಾಯಿಯ ದೇಹದ ವಿಷವನ್ನು ತಡೆಯುತ್ತದೆ ಎಂದು ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. ಮಿನಮಾಟಾದ ಮಕ್ಕಳು ಆ ನಂಬಿಕೆಯನ್ನು ಸುಳ್ಳಾಗಿಸಿದರು. ಹೊಕ್ಕುಳಬಳ್ಳಿಯ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚು ಪಾದರಸವಿರುತ್ತದೆ. ತಾಯಿ ಆರೋಗ್ಯವಾಗಿ ಕಾಣುತ್ತಾಳೆ, ಮಗು ಅವಳ ಪಾಲಿನ ವಿಷವನ್ನೂ ಹೊತ್ತು ಹುಟ್ಟುತ್ತದೆ.

ಮಿನಮಾಟಾದ ಮಕ್ಕಳನ್ನು ಪರೀಕ್ಷಿಸಿ ಈ ಸತ್ಯವನ್ನು ಸ್ಥಾಪಿಸಿದ ಡಾ. ಮಸಾಝುಮಿ ಹರಾಡಾ 1975ರಲ್ಲಿ ಗ್ರಾಸಿ ನ್ಯಾರೋಸ್‌ಗೆ ಬಂದರು. ಜನರ ಕೂದಲು ಪರೀಕ್ಷಿಸಿದರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಯಾವ ತಿಂಗಳು ಎಷ್ಟು ವಿಷ ಒಳಹೊಕ್ಕಿತು ಎಂಬ ಲೆಕ್ಕ ಅದರಲ್ಲಿ ಬರೆದಿರುತ್ತದೆ. ಮಿನಮಾಟಾದಲ್ಲಿ ತಾವು ಕಂಡ ಲಕ್ಷಣಗಳನ್ನೇ ಇಲ್ಲಿಯೂ ಕಂಡೆನೆಂದು ಅವರು ಹೇಳಿದರು. ಅದೇ ವರ್ಷ ಇಲ್ಲಿನ ಜನರ ನಿಯೋಗ ಜಪಾನಿಗೆ ಹೋಗಿ ಅಲ್ಲಿನ ಸಂತ್ರಸ್ತರನ್ನು ಕಂಡು ಬಂತು. ಭಾಷೆ ಬೇರೆ, ಖಂಡ ಬೇರೆ, ನಡುಗುವ ಕೈ ಒಂದೇ. 2002ರಲ್ಲಿ ಹರಾಡಾ ಮತ್ತೆ ಬಂದರು, ಅನಂತರವೂ ಬಂದರು. 2012ರಲ್ಲಿ ತೀರಿಕೊಳ್ಳುವವರೆಗೂ ಈ ಊರನ್ನು ಅವರು ಮರೆಯಲಿಲ್ಲ. ಹತ್ತಿರದ ರಾಜಧಾನಿಯ ಅಧಿಕಾರಿಗಳಿಗೆ ಕಾಣದ ರೋಗಿಗಳು ಸಾವಿರಾರು ಮೈಲಿ ದೂರದ ಜಪಾನಿ ವೈದ್ಯನಿಗೆ ಕಂಡರು ಎಂಬುದನ್ನು ಏನೆಂದು ಕರೆಯೋಣ?

ಅಧಿಕಾರಿಗಳಿಗೆ ಕಾಣದೆ ಇದ್ದುದಕ್ಕೆ ಒಂದು ಕಾರಣ ಸಿದ್ಧವಾಗಿತ್ತು, ಹೆಂಡ. ತೂರಾಡುತ್ತಾನೆಯೇ? ಕುಡಿದಿದ್ದಾನೆ. ತೊದಲುತ್ತಾನೆಯೇ? ಕುಡಿದಿದ್ದಾನೆ. ಮಗು ಮಂದಬುದ್ಧಿಯೇ? ತಾಯಿ ಕುಡಿಯುತ್ತಿದ್ದಳು. ಕುಡಿತದ ಸಮಸ್ಯೆ ಆ ಊರಿನಲ್ಲಿ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಊರಿನಿಂದ ಎಬ್ಬಿಸಿ, ಮಕ್ಕಳನ್ನು ವಸತಿಶಾಲೆಗಳಿಗೆ ಎಳೆದೊಯ್ದು, ಕೊನೆಗೆ ದುಡಿಮೆಯನ್ನೂ ಕಿತ್ತುಕೊಂಡ ಜನರಲ್ಲಿ ಕುಡಿತ ಹಬ್ಬಿತು, ಹಿಂಸೆ ಹಬ್ಬಿತು. ಅನಸ್ತೇಸಿಯಾ ಶ್ಕಿಲ್ನಿಕ್ 1985ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕುಸಿತವನ್ನು ವಿವರವಾಗಿ ದಾಖಲಿಸಿದ್ದಾರೆ. ಆದರೆ ಕುಡಿತವನ್ನು ತೋರಿಸಿ ಪಾದರಸವನ್ನು ಮರೆಮಾಡುವುದು ಯಾವ ವೈದ್ಯಶಾಸ್ತ್ರ? ಒಂದು ಗಾಯವನ್ನು ಇನ್ನೊಂದು ಗಾಯಕ್ಕೆ ಸಾಕ್ಷಿಯಾಗಿ ನಿಲ್ಲಿಸಿ ಇಬ್ಬರು ಅಪರಾಧಿಗಳನ್ನೂ ಬಿಡುಗಡೆ ಮಾಡುವ ಈ ತಂತ್ರ ನಮಗೆ ಅಪರಿಚಿತವಲ್ಲ. ನಮ್ಮ ಕೇರಿಗಳ, ಹಾಡಿಗಳ, ಕೊಳೆಗೇರಿಗಳ ಸಾವುಗಳ ಬಗ್ಗೆಯೂ ಇದೇ ಮಾತು ಕೇಳಿದ್ದೇವೆ.

ಪರಿಹಾರದ ಕಥೆ ಕೇಳಿ. ಡ್ರೈಡನ್ನಿನ ಕಾರ್ಖಾನೆಯನ್ನು 1979ರಲ್ಲಿ ಗ್ರೇಟ್ ಲೇಕ್ಸ್ ಎಂಬ ಕಂಪೆನಿ ಕೊಳ್ಳುವಾಗ, ಹಳೆಯ ಮಾಲಿನ್ಯದ ಹೊಣೆಗೆ ಮಿತಿ ಹಾಕಿ, ಮಿತಿ ದಾಟಿದ್ದನ್ನು ತಾನೇ ಹೊರುವುದಾಗಿ ಒಂಟಾರಿಯೋ ಸರಕಾರ ಭರವಸೆ ಕೊಟ್ಟಿತು. ಕೊಳ್ಳುವವರು ಹಿಂಜರಿಯಬಾರದಲ್ಲ! ಸುದೀರ್ಘ ಹೋರಾಟದ ಬಳಿಕ ಗ್ರಾಸಿ ನ್ಯಾರೋಸ್ ಮತ್ತು ಅದರ ಕೆಳಗಿನ ವೈಟ್‌ಡಾಗ್ ಊರುಗಳಿಗೆ ಒಟ್ಟು 1 ಕೋಟಿ 66 ಲಕ್ಷ 70 ಸಾವಿರ ಡಾಲರ್‌ಗಳ ಪರಿಹಾರ ಒಪ್ಪಂದವಾಯಿತು. ಎರಡು ಕಂಪೆನಿಗಳೂ ಎರಡು ಸರಕಾರಗಳೂ ಹಣ ಹಂಚಿಕೊಂಡವು. 1986ರಲ್ಲಿ ಪಾದರಸ ಅಂಗವೈಕಲ್ಯ ಮಂಡಳಿ ರಚನೆಯಾಯಿತು. ಅರ್ಜಿ ಹಾಕಿದವನು ವೈದ್ಯರ ಮುಂದೆ ನಿಂತು, ಕೈ ಎಷ್ಟು ನಡುಗುತ್ತದೆ, ಕಣ್ಣು ಎಷ್ಟು ಕಿರಿದಾಗಿದೆ ಎಂದು ತೋರಿಸಿ ಅಂಕ ಗಳಿಸಬೇಕು. ಪಾಸಾದವನಿಗೆ ತಿಂಗಳಿಗೆ 250ರಿಂದ 800 ಡಾಲರ್. ಆ ದರ 2018ರವರೆಗೆ ಬೆಲೆಯೇರಿಕೆಗೆ ತಕ್ಕಂತೆ ಏರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅಂಕ ಕೊಡುವುದನ್ನು ನೋಡಿದ್ದೇವೆ. ರೋಗಕ್ಕೆ ಅಂಕ ಕೊಡುವ ನಾಗರಿಕತೆ ಇದು. ಊರಿನ ಮಾಜಿ ಮುಖ್ಯಸ್ಥ ಸ್ಟೀವ್ ಫೋಬಿಸ್ಟರ್, ಸ್ವತಃ ಪಾದರಸದ ರೋಗಿ, 2014ರಲ್ಲಿ ಉಪವಾಸ ಕೂತು ಜನರ ಗಮನ ಸೆಳೆಯಬೇಕಾಯಿತು. 2018ರಲ್ಲಿ ಅವರು ತೀರಿಕೊಂಡರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. 'ಮೀನು ತಿನ್ನಬೇಡಿ' ಎಂಬ ಸಲಹೆ ತಪ್ಪೇ? ವೈದ್ಯಕೀಯವಾಗಿ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ಹಾಕಿದ ಮಿತಿಯ ಪ್ರಕಾರ, ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಮಿಗಿಂತ ಹೆಚ್ಚು ಮೀಥೈಲ್ ಪಾದರಸ ಸೇರಬಾರದು. 50 ಕಿಲೋ ತೂಗುವ ಹೆಂಗಸಿಗೆ ವಾರಕ್ಕೆ 80 ಮೈಕ್ರೋಗ್ರಾಂ ಎಂದಾಯಿತು. ಒಂದು ಕಿಲೋ ಮೀನಿನಲ್ಲಿ ಅರ್ಧ ಮಿಲಿಗ್ರಾಂ ಪಾದರಸವಿದ್ದರೆ ಆಕೆ ವಾರವಿಡೀ ತಿನ್ನಬಹುದಾದ ಮೀನು 160 ಗ್ರಾಂ. ಒಂದು ಹೊತ್ತಿನ ಊಟ. ದಿನಕ್ಕೆರಡು ಹೊತ್ತು ಮೀನು ಉಣ್ಣುವ ನದಿತೀರದ ಮನೆಗೆ ಈ ಲೆಕ್ಕವನ್ನು ಒಯ್ದು ನೋಡಿ. ಆದ್ದರಿಂದ ಬಸುರಿ ಹೆಂಗಸಿಗೆ ಎಚ್ಚರಿಕೆ ಹೇಳಲೇಬೇಕು. ಹೇಳದಿರುವುದು ಪಾಪ.

ನಮ್ಮ ತಕರಾರು ಸಲಹೆಯ ಬಗ್ಗೆ ಅಲ್ಲ. ಸಲಹೆಯೇ ನೀತಿಯಾಗಿಬಿಡುವುದರ ಬಗ್ಗೆ. ಫಲಕ ನೆಟ್ಟ ದಿನ ಸರಕಾರದ ಪಾಲಿಗೆ ಸಮಸ್ಯೆ ಮುಗಿಯಿತು. ಆಮೇಲೆ ತಿಂದವನದೇ ತಪ್ಪು. ಮೀನು ಬಿಟ್ಟರೆ ಏನು ತಿನ್ನಬೇಕು? ದೂರದಿಂದ ಲಾರಿಯಲ್ಲಿ ಬರುವ ದುಬಾರಿ ಡಬ್ಬಿ ಆಹಾರ, ಬ್ರೆಡ್ಡು, ಸಕ್ಕರೆ ನೀರು. ಅಡ್ಡ ಪರಿಣಾಮ ಸಕ್ಕರೆ ಕಾಯಿಲೆ. ಮೀನಿನಲ್ಲಿ ಮಗುವಿನ ಮೆದುಳು ಬೆಳೆಯಲು ಬೇಕಾದ ಕೊಬ್ಬಿನಾಂಶವಿದೆ, ಒಳ್ಳೆಯ ಪ್ರೋಟೀನಿದೆ. ಅದನ್ನೇ ಕಳೆದುಕೊಂಡ ಬಾಣಂತಿಗೆ ಬದಲಿ ಏನು ಎಂದು ಫಲಕ ಹೇಳುವುದಿಲ್ಲ. ಅಜ್ಜ ಮೊಮ್ಮಗನನ್ನು ದೋಣಿಯಲ್ಲಿ ಕೂರಿಸಿ ನೀರಿನ ಗುಣ, ಗಾಳಿಯ ದಿಕ್ಕು, ಮೀನಿನ ಚಲನೆ ಕಲಿಸುತ್ತಿದ್ದನಲ್ಲ, ಆ ಪಾಠಶಾಲೆಗೆ ಬದಲಿ ಏನೆಂದೂ ಹೇಳುವುದಿಲ್ಲ.

ಈ ಮಾತಿಗೆ ಈಗ ವಿಜ್ಞಾನದ ಆಧಾರವೂ ದೊರೆತಿದೆ. 1970ರಿಂದ 1997ರವರೆಗೆ ಸರಕಾರವೇ ಸಂಗ್ರಹಿಸಿದ್ದ ಗ್ರಾಸಿ ನ್ಯಾರೋಸ್ ಜನರ ಕೂದಲಿನ ಲೆಕ್ಕವನ್ನು ಡೋನಾ ಮರ್ಗ್ಲರ್ ಮತ್ತು ಸಂಗಡಿಗರು ಪರಿಶೀಲಿಸಿ, ಪಾದರಸ ಹೆಚ್ಚಿದ್ದವರು ಬೇಗ ಸತ್ತರೆಂದು 2020ರಲ್ಲಿ ಪ್ರಕಟಿಸಿದರು. 2023ರಲ್ಲಿ ಅದೇ ತಂಡ, ಮೀನುಗಾರಿಕೆಯ ಮಾರ್ಗದರ್ಶಕರಾಗಿದ್ದ ಅಜ್ಜಂದಿರಿಂದ ತಾಯಂದಿರಿಗೆ, ತಾಯಂದಿರಿಂದ ಮಕ್ಕಳಿಗೆ ಸಾಗಿದ ಹೊರೆಗೂ ಇಂದಿನ ಮಕ್ಕಳ ಆತ್ಮಹತ್ಯೆಯ ಯತ್ನಗಳಿಗೂ ನಂಟಿದೆಯೆಂದು ತೋರಿಸಿತು. ಸರಕಾರದ ಕಡತದಲ್ಲಿ ದಶಕಗಳ ಕಾಲ ಮಲಗಿದ್ದ ಅಂಕಿಗಳು ಇವು. ಕೂದಲು ಕತ್ತರಿಸಿ ಒಯ್ದರು, ಫಲಿತಾಂಶದ ಅರ್ಥವನ್ನು ಹೇಳಲು ಐವತ್ತು ವರ್ಷ ಬೇಕಾಯಿತು.

'ಕೆನಡಾದ ಮೀನಿಗೂ ನಮಗೂ ಏನು ಸಂಬಂಧ?' ಎಂದು ಕೇಳುವ ಓದುಗರಿಗೆ ಎರಡು ಮಾತು ಹೇಳಬೇಕು. ಮೊದಲನೆಯದು ಬಂಗಾರದ್ದು. ಇಂದು ಜಗತ್ತಿನ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ದೊಡ್ಡ ಪಾಲು, ನೂರಕ್ಕೆ ಸುಮಾರು 38, ಬರುತ್ತಿರುವುದು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ 2018ರ ವರದಿ ಹೇಳುತ್ತದೆ. ನದಿಯ ಮರಳಿಗೆ ಪಾದರಸ ಬೆರೆಸಿದರೆ ಚಿನ್ನದ ಕಣಗಳು ಅದಕ್ಕೆ ಅಂಟುತ್ತವೆ. ಉಂಡೆಯನ್ನು ಸುಟ್ಟರೆ ಪಾದರಸ ಗಾಳಿಗೆ, ಚಿನ್ನ ವ್ಯಾಪಾರಿಯ ಕೈಗೆ. ಬ್ರೆಜಿಲಿನ ತಪಜೋಸ್ ನದಿಯ ದಡದಲ್ಲಿ ಮುಂಡುರುಕು ಎಂಬ ಮೂಲನಿವಾಸಿಗಳಿದ್ದಾರೆ. ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಫಿಯೋಕ್ರೂಜ್ 2019ರಲ್ಲಿ ಇನ್ನೂರು ಜನರ ಕೂದಲು ಪರೀಕ್ಷಿಸಿತು. ಎಲ್ಲರಲ್ಲೂ ಪಾದರಸ ಸಿಕ್ಕಿತು, ಹತ್ತರಲ್ಲಿ ಸುಮಾರು ಆರು ಮಂದಿಯಲ್ಲಿ ಸುರಕ್ಷಿತ ಮಿತಿಯನ್ನು ದಾಟಿತ್ತು. ಅವರು ಚಿನ್ನ ಅಗೆದವರಲ್ಲ, ಮೀನು ತಿಂದವರು. ಪಕ್ಕದ ಬೊಲಿವಿಯಾದಲ್ಲೂ ಇದೇ ಕಥೆ. ಆ ದೇಶ ಪಾದರಸವನ್ನು ದೊಡ್ಡ ಪ್ರಮಾಣದಲ್ಲಿ ತರಿಸುತ್ತಿತ್ತು. ಅಲ್ಲಿಂದ ಹೊರಟ ಚಿನ್ನದ ದೊಡ್ಡ ಪಾಲು ಬಂದದ್ದು ಎಲ್ಲಿಗೆ ಗೊತ್ತೇ? ಭಾರತಕ್ಕೆ. ನಮ್ಮ ಮದುವೆ ಮನೆಗಳಲ್ಲಿ ಹುಡುಗಿಯ ಕೊರಳಿಗೆ ಎಷ್ಟು ಪವನ್ ಎಂದು ಲೆಕ್ಕ ಹಾಕುವ ಹಿರಿಯರು, ಆ ಪವನ್ ಯಾವ ನದಿಯನ್ನು ತೊಳೆದು ಬಂದಿದೆ ಎಂದು ಒಮ್ಮೆಯೂ ಕೇಳುವುದಿಲ್ಲ. ವರದಕ್ಷಿಣೆಯ ವಿರುದ್ಧ ನಾವು ಎಷ್ಟೋ ಬರೆದಿದ್ದೇವೆ. ಅದರ ಪಟ್ಟಿಗೆ ಈ ಒಂದು ಪಾಪವನ್ನೂ ಸೇರಿಸಿಕೊಳ್ಳಬೇಕು.

ಎರಡನೆಯದು ನಮ್ಮದೇ ನೆಲದ್ದು. ಡ್ರೈಡನ್ನಿನಲ್ಲಿ ಇದ್ದಂಥ ಪಾದರಸದ ವಿಧಾನದ ಕಾಸ್ಟಿಕ್ ಸೋಡಾ ಕಾರ್ಖಾನೆ ಕಾರವಾರದ ಬಿಣಗಾದಲ್ಲೂ ಇತ್ತು. ಅದರ ಸಮೀಪದ ಕಡಲಿನ ಪಾದರಸದ ಕುರಿತು ವಿಜ್ಞಾನಿಗಳು 1990ರಲ್ಲೇ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದರು. ದೇಶದ ಇಂಥ ಕಾರ್ಖಾನೆಗಳು ಈಗ ಬಹುತೇಕ ಪಾದರಸವಿಲ್ಲದ ಹೊಸ ವಿಧಾನಕ್ಕೆ ಬದಲಾಗಿವೆ, ಒಳ್ಳೆಯದು. ಆದರೆ ಕೆಸರು ವಿಧಾನ ಬದಲಿಸುವುದಿಲ್ಲ. ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮೇಲೆ ಹಿಂದೂಸ್ತಾನ್ ಲಿವರ್ ನಡೆಸುತ್ತಿದ್ದ ಥರ್ಮಾಮೀಟರ್ ಕಾರ್ಖಾನೆ ಅಮೆರಿಕದ ವಾಟರ್‌ಟೌನಿನಿಂದ ಕಿತ್ತು ತಂದದ್ದು. ಪಾದರಸ ಅಂಟಿದ ಗಾಜಿನ ಚೂರು ಗುಜರಿಗೆ ಹೋದದ್ದು ಬಯಲಾಗಿ 2001ರಲ್ಲಿ ಅದು ಮುಚ್ಚಿತು. 591 ಮಾಜಿ ಕೆಲಸಗಾರರ ಜೊತೆ ಕಂಪೆನಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ, ಹದಿನೈದು ವರ್ಷಗಳ ಬಳಿಕ. ಮುಂದುವರಿದ ದೇಶಕ್ಕೆ ಬೇಡವಾದ ಯಂತ್ರ ನಮ್ಮಲ್ಲಿ ಉದ್ಯೋಗ ಸೃಷ್ಟಿ ಎಂಬ ಹೆಸರಿನಲ್ಲಿ ಇಳಿಯುತ್ತದೆ.

ಇನ್ನು ತುಂಗಭದ್ರೆ. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಕೊಳೆಯಿಂದ ಮೀನು ಸತ್ತು ತೇಲಿದಾಗ 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು. ಅಲ್ಲಿನ ಪ್ರಶ್ನೆ ಪಾದರಸದ್ದಾಗಿರಲಿಲ್ಲ. ಆದರೆ ಮೇಲೆ ತಿರುಳಿನ ಕಾರ್ಖಾನೆ, ಕೆಳಗೆ ಬಲೆ ಹಾಕುವವರು, ನಡುವೆ ಮೌನವಾಗಿರುವ ಇಲಾಖೆ ಎಂಬ ಚಿತ್ರ ಅದೇ. ಒಂದು ವ್ಯತ್ಯಾಸವಿದೆ. ಸತ್ತ ಮೀನು ತೇಲಿ ಬಂದು ಸಾಕ್ಷಿ ಹೇಳುತ್ತದೆ. ಪಾದರಸದ ಮೀನು ಜೀವಂತವಾಗಿಯೇ ಬುಟ್ಟಿಗೆ ಬರುತ್ತದೆ.

ಕಲ್ಲಿದ್ದಲಿನಲ್ಲೂ ಪಾದರಸದ ಅಂಶವಿದೆ. ಅದನ್ನು ಸುಡುವುದು ಗಾಳಿಗೆ ಪಾದರಸ ಸೇರುವ ಎರಡನೆಯ ದೊಡ್ಡ ದಾರಿ. ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಸ್ಥಾವರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಹಾಗೆಂದು ಕೃಷ್ಣೆಯ ಮೀನೆಲ್ಲ ವಿಷವೆಂದು ನಾವು ಹೇಳುತ್ತಿಲ್ಲ, ಯಾರೂ ಹಾಗೆ ಹಬ್ಬಿಸಬಾರದು. ಮೀನು ಮಾರುವ ಬಡವರ ಹೊಟ್ಟೆಯ ಮೇಲೆ ಹೊಡೆಯಲು ಒಂದು ವದಂತಿ ಸಾಕು. ನೀರಿನ ಪಾಚಿ, ಸೂಕ್ಷ್ಮಜೀವಿ ತಿಂದು ಬೆಳೆಯುವ ಕಾಟ್ಲಾದಂಥ ಮೀನಿಗೂ ಇತರ ಮೀನನ್ನು ನುಂಗಿ ಬೆಳೆಯುವ ದೊಡ್ಡ ಬಾಳೆಮೀನಿಗೂ ವ್ಯತ್ಯಾಸವಿದೆ. ಕರಾವಳಿಯವರ ಬೂತಾಯಿ, ಬಂಗುಡೆಗಳೂ ಮೆಟ್ಟಿಲಿನ ಕೆಳಗಿನವೇ. ನಾವು ಕೇಳುವುದು ಇಷ್ಟೇ: ಕೃಷ್ಣೆಯ, ತುಂಗಭದ್ರೆಯ, ಕಾಳಿಯ ಮೀನನ್ನು ತಳಿವಾರು, ಗಾತ್ರವಾರು ಪರೀಕ್ಷಿಸಿ ಫಲಿತಾಂಶವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ಮೀನು ಇಳಿಯುವ ದಡದಲ್ಲೇ ಹಾಕಿ. ಮಿತಿ ದಾಟಿದ್ದರೆ ಮೊದಲ ನೋಟಿಸು ಕೊಳವೆಯ ಒಡೆಯನಿಗೆ ಹೋಗಲಿ. ಬಲೆ ನಿಲ್ಲಿಸಿದ ಪ್ರತಿ ದಿನದ ಕೂಲಿಯನ್ನು ಅವನಿಂದಲೇ ವಸೂಲು ಮಾಡಿ ಮೀನುಗಾರನಿಗೆ ಕೊಡಲಿ. ರೋಗಿಯೇ ರುಜುವಾತು ಮಾಡಬೇಕೆಂಬ ಪದ್ಧತಿ ಬೇಡ. ಸುರಿದವನು ಸುರಿಯಲಿಲ್ಲವೆಂದು ರುಜುವಾತು ಮಾಡಲಿ. ಮಿನಮಾಟಾದ ಹೆಸರಿನಲ್ಲೇ ಆದ ಅಂತಾರಾಷ್ಟ್ರೀಯ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, 2018ರ ಜೂನ್‌ನಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಸಹಿ ಹಾಕಿದ ಕೈಗೆ ಈ ಕೆಲಸ ಹೊರೆಯಾಗಬಾರದು.

ಗ್ರಾಸಿ ನ್ಯಾರೋಸ್‌ನಲ್ಲಿ ಈಗ ಏನಾಗಿದೆ? ನದಿಯನ್ನು ಶುಚಿಗೊಳಿಸಲು ಒಂಟಾರಿಯೋ 2017ರಲ್ಲಿ 8 ಕೋಟಿ 50 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿತು, ಕೊಳವೆ ನಿಂತ 47 ವರ್ಷಗಳ ಮೇಲೆ. ಪಾದರಸದ ರೋಗಿಗಳಿಗಾಗಿ ಆರೈಕೆ ಕೇಂದ್ರ ಕಟ್ಟುವ ಒಪ್ಪಂದಕ್ಕೆ ಒಟ್ಟಾವಾ ಸರಕಾರ ಸಹಿ ಹಾಕಿದ್ದು 2020ರಲ್ಲಿ. 2024ರಲ್ಲಿ ವೆಸ್ಟರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೊಸದೊಂದು ಸಂಗತಿ ಹೊರಗಿಟ್ಟರು. ಡ್ರೈಡನ್ನಿನ ಕಾರ್ಖಾನೆ ಈಗ ಪಾದರಸ ಬಿಡುತ್ತಿಲ್ಲ, ನಿಜ. ಆದರೆ ಅದು ಬಿಡುವ ಕೊಳೆನೀರಿನಲ್ಲಿ ಸಲ್ಫೇಟ್ ಇದೆ. ಕೆಸರಿನಲ್ಲಿ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾಡುವ ಜೀವಿಗಳಿಗೆ ಈ ಸಲ್ಫೇಟೇ ಊಟ. ಹಳೆಯ ವಿಷಕ್ಕೆ ಹೊಸ ಕೊಳೆ ಹಾಲೆರೆಯುತ್ತಿದೆ. ಅದೇ ವರ್ಷದ ಜೂನ್‌ನಲ್ಲಿ ಊರಿನವರು, 1873ರ ಒಪ್ಪಂದದಲ್ಲಿ ಬರೆದುಕೊಟ್ಟ ಮೀನಿನ ಹಕ್ಕನ್ನು ಕಾಪಾಡಲಿಲ್ಲವೆಂದು ಕೆನಡಾ ಮತ್ತು ಒಂಟಾರಿಯೋ ಸರಕಾರಗಳೆರಡರ ಮೇಲೂ ನ್ಯಾಯಾಲಯದಲ್ಲಿ ದಾವೆ ಹೂಡಿದರು.